ಇಬ್ಬರೂ ಕಂಡದ್ದು ಮಾತ್ರ

ನಾನು ನಿಜವಾಗಿಯೂ ನೋಡಿದೆನಾ?

ಅಥವಾ ನೀರಿನ ಮೇಲಿನ ಬಿಸಿಲೇ ಹಾಗೆ ಕಂಡಿತಾ? ಒಂದು ಹೆಲ್ಮೆಟ್... ಎರಡು ದೋಣಿಗಳ ನಡುವೆ ಒಂದು ಕೈ... ಆಮೇಲೆ ಬರೀ ನೀರು...

ಐಲಾ ದುರ್ಬೀನನ್ನು ಕಣ್ಣಿನಿಂದ ಇಳಿಸಲಿಲ್ಲ. ಕೆಳಗೆ ನದಿಯ ಮೇಲೆ ಸೈನಿಕರು ದೋಣಿಗೆ ದೋಣಿ ಜೋಡಿಸಿ ತೇಲುಸೇತುವೆ ಕಟ್ಟುತ್ತಿದ್ದರು. ಮೂರು ಯುದ್ಧವಿಮಾನಗಳು ಈಗಷ್ಟೇ ತಲೆಯ ಮೇಲೆಯೇ ಹಾದುಹೋಗಿದ್ದವು. ಸಮರಾಭ್ಯಾಸ ನೋಡಲು ಬಂದು ಮರದ ಅಟ್ಟಣೆಯ ಮೇಲೆ ನಿಂತಿದ್ದ ಹತ್ತೊಂಬತ್ತು ದೇಶಗಳ ವೀಕ್ಷಕರು ಒಟ್ಟಿಗೇ ಕತ್ತೆತ್ತಿ ಆಕಾಶ ನೋಡಿದ್ದರು. ಆ ಒಂದು ಕ್ಷಣದಲ್ಲೇ ಸೈನಿಕ ಹುಡುಗನೊಬ್ಬ ನೀರಿಗೆ ಜಾರಿದ್ದ. ದೋಣಿಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರಾದರೂ ಕೂಗಿದ್ದರೂ ವಿಮಾನದ ಸದ್ದಿನಲ್ಲಿ ಕೇಳುವಂತಿರಲಿಲ್ಲ.

ಒಂದು ನಿಮಿಷವಾಯಿತು. ಎರಡಾಯಿತು. ನಾಲ್ಕಾಯಿತು. ಮೊದಲ ಲಾರಿ ಸೇತುವೆಯ ಮೇಲೆ ಉರುಳಿತು.

ಮೇಲೆ ಬರಲೇ ಇಲ್ಲವಲ್ಲ!

ಅವಳು ಸರಕ್ಕನೆ ಪಕ್ಕಕ್ಕೆ ತಿರುಗಿದಳು. ಎರಡು ಹೆಜ್ಜೆ ದೂರದಲ್ಲಿ ಮೇಜರ್ ಇಲ್ಪೊ ಹಿಯೆತಲಾ ನಿಂತಿದ್ದ. ಅವನ ದುರ್ಬೀನು ಎದೆಯ ಮೇಲೆ ನೇತಾಡುತ್ತಿತ್ತು. ಮುಖ ಅವಳತ್ತಲೇ ಇತ್ತು. ಮೂರು ದಿನಗಳಿಂದ ಕಲ್ಲಿನಂತಿದ್ದ ಆ ಮುಖದಲ್ಲಿ ಏನೋ ಒಂದು ಕಲಕಿಹೋಗಿತ್ತು.

ಇವರೂ ನೋಡಿದ್ದಾರೆ! ಅದಕ್ಕೇ ನನ್ನತ್ತ ತಿರುಗಿದ್ದಾರೆ. ದೇವರೇ, ನಾನೊಬ್ಬಳೇ ಅಲ್ಲ...

ಅವಳಿಗೆ ಹೋದ ಉಸಿರು ಬಂದಂತಾಯಿತು. ಆದರೆ ಅಟ್ಟಣೆಯ ಮೇಲೆ ಮಾತಾಡುವಂತಿರಲಿಲ್ಲ. ಫಿನ್ಲೆಂಡಿನ ವೀಕ್ಷಕರಿಗೆ ಅವರ ಕಚೇರಿ ಹಾಕಿಕೊಟ್ಟ ಪದ್ಧತಿ ಅದು. ಇಬ್ಬರು ಹೋಗಬೇಕು, ಒಬ್ಬರು ಸೇನೆಯಿಂದ, ಒಬ್ಬರು ವಿದೇಶಾಂಗ ಸಚಿವಾಲಯದಿಂದ. ಇಬ್ಬರೂ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಒಬ್ಬರನ್ನೊಬ್ಬರು ಕೇಳದೆ ಬರೆಯಬೇಕು. ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಇಬ್ಬರೂ ಕಂಡದ್ದು ಮಾತ್ರ ವರದಿಗೆ ಹೋಗುತ್ತದೆ. ಒಬ್ಬರೇ ಕಂಡದ್ದಕ್ಕೆ ಪೆನ್ಸಿಲಿನ ಗೀಟು ಬೀಳುತ್ತದೆ. ಯಾವ ಬಣಕ್ಕೂ ಸೇರದ ದೇಶ ಕಲ್ಪಿಸಿಕೊಂಡು ಬರೆಯಿತು ಎಂಬ ಮಾತು ಯಾವತ್ತೂ ಬರಬಾರದು.

ಐಲಾ ಬರೆದಳು: '10:42. ಸೇತುವೆಯ ಮೂರನೆಯ ದೋಣಿಯ ಬಳಿ ಸೈನಿಕನೊಬ್ಬ ನೀರಿಗೆ ಬಿದ್ದ. ನಾಲ್ಕು ನಿಮಿಷವಾದರೂ ಮೇಲೆ ಬರಲಿಲ್ಲ.'

ಓರೆಗಣ್ಣಿನಲ್ಲಿ ನೋಡಿದಳು. ಇಲ್ಪೊ ಕೂಡ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ.

*

ಅವನನ್ನು ಅವಳು ಮೊದಲು ನೋಡಿದ್ದು ಮೂರು ದಿನಗಳ ಹಿಂದೆ, ಹೆಲ್ಸಿಂಕಿಯ ವಿಮಾನ ನಿಲ್ದಾಣದಲ್ಲಿ. ಅವಳಿಗೆ ಅದು ಮೊದಲ ಸಮರಾಭ್ಯಾಸ. ಉಗ್ರಾಣದಿಂದ ತಂದ ದುರ್ಬೀನನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದಳು.

"ಅದನ್ನ ನಿಮ್ಮ ಕಣ್ಣಿಗೆ ಹೊಂದಿಸಿಕೊಂಡಿದೀರಾ?"

ಅದು ಅವನ ಮೊದಲ ಮಾತು. ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ!

"ಹೊಂದಿಸಿಕೊಳ್ಳೋದು ಅಂದ್ರೆ?"

"ಕೊಡಿ ಇಲ್ಲಿ. ಬಲಗಣ್ಣು ಮುಚ್ಚಿ. ದೂರದಲ್ಲಿ ಒಂದು ಬೋರ್ಡ್ ಇದೆಯಲ್ಲ, ಅದನ್ನ ಓದಿ."

"ಕಾಫಿ."

ಅವನು ಏನೋ ತಿರುಗಿಸಿದ. "ಈಗ ಎಡಗಣ್ಣು ಮುಚ್ಚಿ."

"ಈಗ್ಲೂ ಕಾಫಿನೇ, ಮೇಜರ್."

"ಹಾಗಾದ್ರೆ ಕುಡಿಯೋಣ," ಎಂದು ಅವನು ನಡೆದೇಬಿಟ್ಟ.

ಅವಳು ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಆದರೆ ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಗೆರೆ ಮೂಡಿ ಮಾಯವಾಗಿತ್ತು. ಆಮೇಲಿನ ಮೂರು ದಿನ ಐಲಾ ಆ ಗೆರೆಯನ್ನು ಕಾಯುತ್ತಲೇ ಇದ್ದಳು.

ಆತಿಥೇಯ ದೇಶದವರು ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. (ಆ ದೇಶದ ಹೆಸರು ಇಲ್ಲಿ ಬೇಡ. ವರದಿಯಲ್ಲೂ ಅದು ಬರೀ 'ಆತಿಥೇಯ ದೇಶ'ವೇ.) ಮೂರು ಹೊತ್ತೂ ಹುರಿದ ಮಾಂಸ, ಕೆನೆ, ಸಿಹಿ. ಜೊತೆಗೆ ಅವರ ಸೇನೆಯ ಫೋಟೋಗ್ರಾಫರ್ ಒಬ್ಬ, ಊಟದ ಮೇಜನ್ನೂ ಬಿಡದೆ ಫೋಟೋ ತೆಗೆಯುತ್ತಿದ್ದ. ಎರಡನೆಯ ದಿನ ಬಸ್ಸಿನಲ್ಲಿ ಇಲ್ಪೊ ಕೋಟಿನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಮನೆಯ ರೈ ಬ್ರೆಡ್ಡು, ಕರ್ರಗೆ, ಗಟ್ಟಿಯಾಗಿ.

"ಅಯ್ಯೋ! ಊರಿಂದ ತಂದಿರಾ?"

"ಹೂಂ."

"ನಾಲ್ಕು ದಿನದ ಪ್ರವಾಸಕ್ಕೆ?"

"ಅರ್ಧ ಬೇಕಾ ಬೇಡ್ವಾ, ಅಷ್ಟು ಹೇಳಿ."

ಅವಳು ತಿಂದಳು. ಅವನು ಕಿಟಕಿಯಾಚೆ ನೋಡುತ್ತಾ ತಿಂದ. ಬಸ್ಸಿನ ತುಂಬ ಹತ್ತಾರು ಭಾಷೆಗಳ ಗದ್ದಲ. ಅವರಿಬ್ಬರ ಸೀಟಿನಲ್ಲಿ ಮಾತ್ರ ಮಾತಿಲ್ಲ. ಐಲಾ ಮಾತಿನ ಮಲ್ಲಿ. ಸುಮ್ಮನಿರುವ ಜನರ ಜೊತೆ ಅವಳಿಗೆ ಸಾಮಾನ್ಯವಾಗಿ ಉಸಿರು ಕಟ್ಟುತ್ತಿತ್ತು. ಅಂದು ಕಟ್ಟಲಿಲ್ಲ.

ಈ ಮೌನದಲ್ಲಿ ನನಗೂ ಜಾಗ ಇದೆ, ಎಂದುಕೊಂಡಿದ್ದಳು.

*

ಸಂಜೆ ಹೋಟೆಲಿನ ಕೆಳಗಿನ ಕೋಣೆಯಲ್ಲಿ ಇಬ್ಬರೂ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅವನ ಅಕ್ಷರ ಸಣ್ಣದು, ನೆಟ್ಟಗೆ. ಸಾಲು ಸಾಲಾಗಿ ಹೊಂದಿಕೊಂಡು ಹೋದವು. ಟ್ಯಾಂಕುಗಳ ಎಣಿಕೆ ಸರಿ. ಲಾರಿಗಳ ಎಣಿಕೆ ಸರಿ. 10:38, ಸರಿ.

ಆಮೇಲೆ ಅವನ ಪುಟದಲ್ಲಿ 10:51.

ಐಲಾ ಪುಟ ತಿರುಗಿಸಿ ಮತ್ತೆ ನೋಡಿದಳು. "ಇಲ್ಲಿ ಹತ್ತು ನಲವತ್ತೆರಡು ಎಲ್ಲಿ?"

ಇಲ್ಪೊ ಅವಳ ಸಾಲನ್ನು ಓದುತ್ತಿದ್ದ. ಒಮ್ಮೆ ಓದಿದ. ಮತ್ತೊಮ್ಮೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ನಾಲ್ಕು ನಿಮಿಷವೂ ನೋಡಿದ್ರಾ?"

"ಗಡಿಯಾರ ಇಟ್ಕೊಂಡು ನೋಡ್ದೆ. ನೀವೂ ನೋಡಿದ್ರಲ್ಲ!"

"ನಾನು ನೋಡಿಲ್ಲ."

"ಏನು?"

"ನಾನು ಅದನ್ನ ನೋಡಿಲ್ಲ, ಐಲಾ ಅವರೆ."

"ಸುಳ್ಳು! ನಾನು ತಿರುಗಿದಾಗ ನಿಮ್ಮ ಮುಖ ನನ್ನ ಕಡೆಗೇ ಇತ್ತು. ಬಿಳಿಚಿಕೊಂಡಿದ್ರಿ. ನೋಡದೇ ಇದ್ದಿದ್ರೆ ನನ್ನ ಕಡೆ ಯಾಕೆ ತಿರುಗ್ತಿದ್ರಿ?"

ಅವನ ಕಿವಿಗಳು ನಿಧಾನವಾಗಿ ಕೆಂಪಾದವು. ಅದು ಸಿಕ್ಕಿಬಿದ್ದವನ ಕೆಂಪು ಎಂದೇ ಅವಳು ತಿಳಿದಳು.

"ವಿಮಾನ ನೋಡ್ತಿದ್ರಾ?"

"ಇಲ್ಲ."

"ಮತ್ತೆ ಏನು ನೋಡ್ತಿದ್ರಿ?"

ಅವನು ಪೆನ್ಸಿಲನ್ನು ನೋಟ್‌ಬುಕ್ಕಿನ ಪಕ್ಕಕ್ಕೆ ನೆಟ್ಟಗೆ ಇಟ್ಟ. ಬಾಗಿಲಾಚೆ ಯಾರೋ ತಟ್ಟೆ ಜೋಡಿಸುವ ಸದ್ದು.

"ಮೇಜರ್... ಅದು ಒಬ್ಬ ಹುಡುಗ. ಇಪ್ಪತ್ತೂ ಆಗಿರಲಿಕ್ಕಿಲ್ಲ. ನೀವು 'ಹೌದು' ಅಂತ ಒಂದು ಮಾತು ಬರೆದ್ರೆ ನಮ್ಮ ದೇಶ ಕೇಳಬಹುದು, ಏನಾಯ್ತು ಅಂತ. ಬರೆಯದಿದ್ರೆ ಅವನು ಬಿದ್ದೇ ಇಲ್ಲ ಅಂತ ಆಗುತ್ತೆ! ಅಷ್ಟೇ ನಾನು ಕೇಳ್ತಿರೋದು."

"ನೋಡದ್ದನ್ನ ನೋಡಿದೆ ಅಂತ ಬರೆಯೋಕೆ ನನ್ನಿಂದ ಆಗಲ್ಲ," ಎಂದ ಅವನು. "ಒಂದು ಸಾಲು ಸುಳ್ಳಾದ್ರೆ ಮಿಕ್ಕಿದ್ದನ್ನೆಲ್ಲಾ ಯಾರು ನಂಬ್ತಾರೆ?"

"ನಿಯಮದ ಹಿಂದೆ ಅಡಗಿಕೊಳ್ತಿದೀರಿ. ಆತಿಥೇಯರಿಗೆ ಬೇಜಾರಾಗುತ್ತೆ ಅಂತ ಹೆದರಿಕೆ ನಿಮಗೆ!"

ಅವನು ಪೆನ್ಸಿಲ್ ತೆಗೆದುಕೊಂಡು ಅವಳ ಸಾಲಿನ ಮೇಲೆ ಗೀಟು ಎಳೆದ. ಗೀಟು ತೀರಾ ತೆಳುವಾಗಿತ್ತು, ಕೆಳಗಿನ ಅಕ್ಷರಗಳೆಲ್ಲ ಸ್ಪಷ್ಟವಾಗಿ ಓದುವಂತಿದ್ದವು. ಅವಳು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಬೀಳ್ಕೊಡುಗೆಯ ಹೊತ್ತಿನಲ್ಲಿ ಐಲಾ ಆತಿಥೇಯರ ಕ್ಯಾಪ್ಟನ್ ಒಬ್ಬನನ್ನು ನೇರವಾಗಿ ಕೇಳಿಯೇಬಿಟ್ಟಳು. ಅವನು ಸೌಜನ್ಯದಿಂದಲೇ ನಕ್ಕ.

"ನಿಮಗೇನೋ ಹಾಗೆ ಕಂಡಿರ್ಬೇಕು ಮೇಡಂ. ನೀರಿನ ಮೇಲೆ ಬಿಸಿಲಿತ್ತಲ್ಲ. ನಿಮ್ಮ ಮೇಜರ್ ಪಕ್ಕದಲ್ಲೇ ಇದ್ರು. ಏನ್ ಮೇಜರ್, ನೀವು ನೋಡಿದ್ರಾ?"

ಇಲ್ಪೊ ಅವಳ ಹಿಂದೆಯೇ ನಿಂತಿದ್ದ.

"ಇಲ್ಲ," ಎಂದ. "ನಾನು ನೋಡಿಲ್ಲ."

"ಅಲ್ಲಿಗೆ ಮುಗೀತಲ್ಲ," ಎಂದು ಕ್ಯಾಪ್ಟನ್ ಕೈ ಚಾಚಿದ. "ಫೋಟೋ ಆಲ್ಬಂ ಅಂಚೆಯಲ್ಲಿ ಕಳಿಸ್ತೀವಿ. ಎಲ್ಲ ದೇಶಕ್ಕೂ ಒಂದೊಂದು."

ಐಲಾಳ ಕಣ್ಣು ಉರಿಯಿತು. ಅಳಬಾರದು... ಇವರ ಮುಂದೆ ಅಳಬಾರದು...

ಹೆಲ್ಸಿಂಕಿಯಲ್ಲಿ ಇಳಿದು ಚೀಲ ಎತ್ತಿಕೊಳ್ಳುವಾಗ ಅವಳು ತಡೆಯಲಾರದೆ ಹೇಳಿದಳು. "ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ, ಮೇಜರ್. ಇನ್ಮೇಲೆ ನಿಮ್ಮ ಜೊತೆ ನನ್ನನ್ನ ಕಳಿಸಬೇಡಿ ಅಂತ ಬರೆದುಕೊಡ್ತೀನಿ."

ಅವನು ಅವಳನ್ನು ನೋಡಿದ.

"ಸರಿ," ಎಂದ.

ಬರೀ ಸರಿ! ಬೇರೆ ಯಾವ ಮಾತೂ ಇವನ ಬಾಯಲ್ಲಿ ಹುಟ್ಟುವುದಿಲ್ಲವೇ?

*

ಅವಳು ಬರೆದುಕೊಡುವ ಅಗತ್ಯವೇ ಬೀಳಲಿಲ್ಲ. ಹತ್ತು ದಿನಗಳ ನಂತರ ವೀಕ್ಷಕರ ಪಟ್ಟಿ ಬಂದಾಗ ಅದರಲ್ಲಿ ಇಲ್ಪೊ ಹಿಯೆತಲಾ ಎಂಬ ಹೆಸರೇ ಇರಲಿಲ್ಲ. ಉತ್ತರದ ಯಾವುದೋ ಶಿಬಿರದ ನಕ್ಷೆ ಉಗ್ರಾಣಕ್ಕೆ ವರ್ಗವಾಗಿದೆಯಂತೆ ಎಂದರು.

ಓಡಿಹೋದ, ಎಂದುಕೊಂಡಳು ಐಲಾ.

ಕೋಪ ಬೇಗ ಆರುತ್ತದೆ ಎಂದು ಅವಳ ಲೆಕ್ಕ. ಆರಲಿಲ್ಲ. ಆ ಹುಡುಗನ ಕೈ ಕನಸಿನಲ್ಲಿ ಬರುತ್ತಿತ್ತು. ಕೆಲವೊಮ್ಮೆ ಅದರ ಹಿಂದೆಯೇ ಕಾಗದದ ಪೊಟ್ಟಣ ಬಿಚ್ಚುವ ಇನ್ನೆರಡು ಕೈಗಳು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಹೇಡಿಯನ್ನು ಮರೆಯಲು ಇಷ್ಟು ದಿನ ಬೇಕೇ?

ಅಕ್ಟೋಬರಿನಲ್ಲಿ ವಿಯೆನ್ನಾದ ಕೆಲಸ ಅವಳ ಮುಂದೆ ಬಂತು. ಮೂರು ವರ್ಷ. ಜನವರಿಯಲ್ಲಿ ಹೊರಡಬೇಕು. ಒಪ್ಪಿಗೆಯ ಕಾಗದ ಅವಳ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಯಾಕೆ ಸಹಿ ಹಾಕುತ್ತಿಲ್ಲ ಎಂದು ಕೇಳಿದವರಿಗೆಲ್ಲ ಅವಳು ಒಂದೊಂದು ಕಾರಣ ಹೇಳಿದಳು. ಒಂದೂ ನಿಜವಾಗಿರಲಿಲ್ಲ. ನಿಜವಾದ ಕಾರಣ ಅವಳಿಗೇ ಗೊತ್ತಿರಲಿಲ್ಲ.

ನವೆಂಬರಿನ ಒಂದು ಮಂಗಳವಾರ ವಿಭಾಗದ ಮುಖ್ಯಸ್ಥೆ ಪಿರ್ಕ್ಕೊ ನ್ಯೂಮನ್ ಅವಳನ್ನು ಕರೆದರು. ಅರವತ್ತರ ಹೆಂಗಸು. ಇಪ್ಪತ್ತು ವರ್ಷಗಳಿಂದ ವರದಿಗಳನ್ನು ಓದಿ ಓದಿ ಯಾವುದಕ್ಕೂ ಹುಬ್ಬೇರಿಸದವರು.

"ಬಾರೇ, ಕೂತ್ಕೊ. ಕಾಫಿ ಅಲ್ಲಿದೆ, ನೀನೇ ಹಾಕ್ಕೊ. ಸೋಮವಾರದೊಳಗೆ ವಿಯೆನ್ನಾ ಕಾಗದ ಕೊಡದಿದ್ರೆ ಬೇರೆಯವರನ್ನ ಕಳಿಸ್ತೀನಿ, ಗೊತ್ತಾಯ್ತಾ? ಅದಿರ್ಲಿ. ಇದನ್ನ ಓದು."

ಆತಿಥೇಯ ದೇಶದ ಮುದ್ರೆಯಿದ್ದ ಪತ್ರ. ಆರೇ ಸಾಲು.

'ಸೆಪ್ಟೆಂಬರ್ ಹದಿನಾಲ್ಕರಂದು ನದಿಗೆ ಬಿದ್ದ ಸೈನಿಕ, ವಯಸ್ಸು ಹತ್ತೊಂಬತ್ತು, ಇನ್ನೂರು ಮೀಟರ್ ಕೆಳಗೆ ದಡ ಸೇರಿದ್ದಾನೆ. ಭುಜದ ಮೂಳೆ ಮುರಿದಿತ್ತು. ಚಿಕಿತ್ಸೆ ಪಡೆದು ಅಕ್ಟೋಬರಿನಲ್ಲಿ ಮನೆಗೆ ಹೋಗಿದ್ದಾನೆ...'

ಐಲಾ ಮುಂದೆ ಓದಲಾರದೆ ಕಣ್ಣು ಮುಚ್ಚಿಕೊಂಡಳು. ಬದುಕಿದ್ದಾನೆ. ಬದುಕಿದ್ದಾನೆ!

"ಅಳು, ಪರವಾಗಿಲ್ಲ," ಎಂದರು ಪಿರ್ಕ್ಕೊ. "ಕಾಫಿಗೆ ಬೀಳದ ಹಾಗೆ ಅಳು."

"ಆದ್ರೆ ಮೇಡಂ... ಇದನ್ನ ಕೇಳಿದ್ದು ಯಾರು? ನನ್ನ ಸಾಲಿಗೆ ಗೀಟು ಬಿದ್ದಿತ್ತಲ್ಲ!"

"ಬಿದ್ದಿತ್ತು. ನಮ್ಮ ನಿಯಮದ ಐದನೇ ಕಲಂ ಓದಿದೀಯಾ? ಯಾರೂ ಓದಲ್ಲ. ಒಬ್ಬ ವೀಕ್ಷಕ, ಆ ಹೊತ್ತಿನಲ್ಲಿ ನಾನು ನೋಡೋ ಕೆಲಸ ಮಾಡ್ತಿರಲಿಲ್ಲ ಅಂತ ಸಹಿ ಹಾಕಿ ಕೊಟ್ರೆ, ಇನ್ನೊಬ್ಬರು ಕಂಡದ್ದೊಂದೇ ಸಾಕು. ಗೀಟು ಅಳಿಸಬಹುದು. ಆದ್ರೆ 'ನೋಡೋಕೆ ಅಂತ ಕಳಿಸಿದ್ರು, ನಾನು ನೋಡಲಿಲ್ಲ' ಅಂತ ಯಾವ ವೀಕ್ಷಕ ಬರೆದುಕೊಡ್ತಾನೆ ಹೇಳು? ಆಮೇಲೆ ಅವನನ್ನ ಇನ್ನೆಲ್ಲಿಗೂ ಕಳಿಸೋ ಹಾಗಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಒಂದೇ ಒಂದು ಕಾಗದ ನೋಡಿದೀನಿ."

ಅವರು ಫೈಲಿನಿಂದ ಒಂದು ಹಾಳೆ ಎಳೆದು ಮುಂದಿಟ್ಟರು. ಸಣ್ಣ, ನೆಟ್ಟಗಿನ ಅಕ್ಷರ.

'ಸೆಪ್ಟೆಂಬರ್ ಹದಿನಾಲ್ಕರ ಬೆಳಿಗ್ಗೆ 10:42ಕ್ಕೆ ನದಿಯನ್ನು ನೋಡುವುದು ನನ್ನ ಕರ್ತವ್ಯವಾಗಿತ್ತು. ನಾನು ನೋಡುತ್ತಿರಲಿಲ್ಲ. ನನ್ನ ಜೊತೆಗಾರ್ತಿ ನೋಡುತ್ತಿದ್ದರು. ಅವರು ಬರೆದದ್ದನ್ನು ನಂಬಬೇಕೆಂದು ಕೋರುತ್ತೇನೆ.'

ಕೆಳಗೆ ತಾರೀಖು. ಅವರು ಹಿಂದಿರುಗಿದ ಮರುದಿನ.

ಮರುದಿನವೇ! ನಾನು ಹೇಡಿ ಅಂದ ಮರುದಿನ... ಇವರು ಇಲ್ಲಿ ನಿಂತು...

"ಕಾರಣ ಅನ್ನೋ ಜಾಗ ಖಾಲಿ ಬಿಟ್ಟಿದಾನೆ ನೋಡು," ಎಂದರು ಪಿರ್ಕ್ಕೊ. "ಕೇಳ್ದೆ. 'ಕಾರಣ ಇದೆ, ಬರೆಯಲ್ಲ' ಅಂದ. ಕುಡಿದಿದ್ದೆಯೇನಪ್ಪಾ ಅಂದೆ. ಇಲ್ಲ ಅಂದ. ನಿದ್ದೆ ಬಂದಿತ್ತಾ ಅಂದೆ. 'ಇಲ್ಲ, ಚೆನ್ನಾಗಿ ಎಚ್ಚರವಾಗಿದ್ದೆ' ಅಂದ! ಏನು ಮಾಡ್ಲಿ ಇಂಥವನನ್ನ ಇಟ್ಕೊಂಡು?"

"ನನಗೆ ಯಾಕೆ ಹೇಳಲಿಲ್ಲ, ಮೇಡಂ? ಎರಡು ತಿಂಗಳು..."

"ಬೇಡ ಅಂದ. ಉತ್ತರ ಬರೋವರೆಗೂ ಅವರಿಗೆ ಹೇಳಬೇಡಿ, ಹುಡುಗ ಇಲ್ಲ ಅಂತ ಉತ್ತರ ಬಂದ್ರೆ ನಾನೇ ಬಂದು ಅವರಿಗೆ ಹೇಳ್ತೀನಿ, ಕಾಗದದಲ್ಲಿ ತಿಳಿಯೋದು ಬೇಡ, ಅಂದ." ಅವರು ಕನ್ನಡಕ ತೆಗೆದು ಒರೆಸಿದರು. "ಆಲ್ಬಂ ಕೂಡ ಬಂದಿದೆ, ತಗೋ. ನಿನ್ನ ಫೋಟೋ ಚೆನ್ನಾಗಿ ಬಂದಿದೆ. ಮೂವತ್ತೊಂದನೇ ಪುಟ."

ಅವರ ದನಿಯಲ್ಲಿ ಏನೋ ಇತ್ತು. ಐಲಾ ಆಲ್ಬಮ್ಮನ್ನು ತನ್ನ ಮೇಜಿಗೆ ಒಯ್ದು ಒಬ್ಬಳೇ ಕುಳಿತು ತೆರೆದಳು.

ಅಟ್ಟಣೆಯ ಫೋಟೋ. ಎಲ್ಲರ ಕತ್ತೂ ಮೇಲಕ್ಕೆ. ಟೋಪಿ ಹಿಡಿದುಕೊಂಡವರು, ಬಾಯಿ ತೆರೆದವರು, ಕಿವಿ ಮುಚ್ಚಿಕೊಂಡವರು. ಎಲ್ಲರೂ ಆಕಾಶ ನೋಡುತ್ತಿದ್ದರು. ಇಬ್ಬರು ಮಾತ್ರ ನೋಡುತ್ತಿರಲಿಲ್ಲ.

ಒಬ್ಬಳು ತಾನು. ದುರ್ಬೀನು ನದಿಯ ಕಡೆಗಿತ್ತು, ಗಾಳಿಗೆ ಕೂದಲು ಬಿಚ್ಚಿ ಕೆನ್ನೆಯ ಮೇಲೆ ಬಿದ್ದಿತ್ತು.

ಇನ್ನೊಬ್ಬ ಇಲ್ಪೊ.

ಐಲಾ ಬಹಳ ಹೊತ್ತು ಆ ಪುಟ ಮಗುಚಲಿಲ್ಲ. ಯಾರೂ ಯಾವತ್ತೂ ತನ್ನನ್ನು ಹಾಗೆ ನೋಡಿರಲಿಲ್ಲ. ಅಥವಾ ನೋಡಿದ್ದರೂ ತನಗೆ ಕಂಡಿರಲಿಲ್ಲ.

ಏನು ನೋಡ್ತಿದ್ರಿ ಅಂತ ಕೇಳಿದೆನಲ್ಲ... ಅವರ ಎದುರೇ ಕೂತು ಕೇಳಿದೆನಲ್ಲ... ದೇವರೇ!

ಅವಳು ಎದ್ದು ಮತ್ತೆ ಪಿರ್ಕ್ಕೊ ಅವರ ಬಾಗಿಲಿಗೆ ಹೋದಳು.

"ಮೇಡಂ, ಹುಡುಗ ಬದುಕಿದಾನೆ ಅಂತ ಮೇಜರ್‌ಗೆ ತಿಳಿಸಿದೀರಾ?"

"ಇವತ್ತು ಕಾಗದ ಹಾಕ್ಬೇಕು."

"ಹಾಕಬೇಡಿ. ನಾನೇ ತಗೊಂಡು ಹೋಗ್ತೀನಿ."

"ಸಾವಿರ ಕಿಲೋಮೀಟರ್ ಇದೆ, ಮಾರಾಯ್ತಿ. ಅಂಚೆ ಅಂತ ಒಂದಿದೆ."

"ಗೊತ್ತು, ಮೇಡಂ."

ಪಿರ್ಕ್ಕೊ ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹುಬ್ಬೇರಿಸಿದರು. "ಬೆಚ್ಚಗಿನ ಬೂಟು ಹಾಕ್ಕೊಂಡು ಹೋಗು."

*

ಉತ್ತರದ ರೋವನಿಯೆಮಿ ಪಟ್ಟಣದಿಂದ ಹೊರಟ ಬಸ್ಸು ಗುರುವಾರ ಹನ್ನೊಂದೂವರೆಗೆ ಅವಳನ್ನು ಶಿಬಿರದ ಗೇಟಿನ ಮುಂದೆ ಇಳಿಸಿತು. ಮೊಣಕಾಲುದ್ದ ಹಿಮ. ಹಗಲು ಇದ್ದೂ ಇಲ್ಲದಂತಿತ್ತು. ಒಳಗಿನಿಂದ ಬಟಾಣಿ ಸಾರಿನ ವಾಸನೆ. ಗುರುವಾರವಲ್ಲವೇ, ದೇಶದ ಸೈನಿಕರಿಗೆಲ್ಲ ಇವತ್ತು ಅದೇ ಊಟ, ಕೊನೆಗೆ ಪ್ಯಾನ್‌ಕೇಕು.

ಗೇಟಿನಲ್ಲಿ ತೌನೊ ಎಂಬ ಹಳೆಯ ಸಾರ್ಜೆಂಟ್ ಅವಳ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾರನ್ನ ನೋಡ್ಬೇಕಮ್ಮಾ?"

"ಮೇಜರ್ ಹಿಯೆತಲಾ ಅವರನ್ನ."

"ನಮ್ಮ ಮೇಜರನ್ನಾ?" ಅವನು ಟೋಪಿ ಹಿಂದಕ್ಕೆ ಸರಿಸಿದ. "ಎರಡು ತಿಂಗಳಾಯ್ತು, ಅವ್ರಿಗೊಂದು ಕಾಗದ ಕೂಡ ಬಂದಿಲ್ಲ. ನೀವೇ ಬಂದ್ಬಿಟ್ರಾ! ತಂಗೀನಾ?"

"ಅಲ್ಲ."

"ಸಾಲಗಾರರಾ?"

"ಅಲ್ಲ!"

"ಹಾಗಾದ್ರೆ ಒಳ್ಳೇ ಸುದ್ದಿನೇ," ಎಂದು ಅವನು ಗೇಟು ತೆರೆದ. "ಬಲಗಡೆ ಎರಡನೇ ಬಾಗಿಲು. ಮಾತಾಡಿಸಿ ನೋಡಿ. ಆಡಿಸಿಬಿಟ್ರೆ ನಿಮ್ಗೆ ನನ್ನ ಪಾಲಿನ ಪ್ಯಾನ್‌ಕೇಕೂ ಕೊಡ್ತೀನಿ."

ಉಗ್ರಾಣದಲ್ಲಿ ಇಲ್ಪೊ ಉದ್ದನೆಯ ಮೇಜಿನ ಮುಂದೆ ನಿಂತು ನಕ್ಷೆಗಳನ್ನು ಸುರುಳಿ ಸುತ್ತುತ್ತಿದ್ದ. ತಲೆ ಎತ್ತಿದ. ಅವಳನ್ನು ಕಂಡ. ಅವನ ಕೈಯಿಂದ ಸುರುಳಿ ಜಾರಿ ತಾನಾಗಿಯೇ ಬಿಚ್ಚಿಕೊಳ್ಳುತ್ತಾ ನೆಲದ ಮೇಲೆ ಉರುಳಿತು.

ಅವಳೇ ಬಂದಿದ್ದಾಳೆ ಎಂದರೆ... ಅವನ ಮುಖ ಬೂದಿಯಾಯಿತು.

"ಹುಡುಗ..." ಎಂದ.

"ಬದುಕಿದಾನೆ!" ಅವಳು ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದುಬಿಟ್ಟಳು. "ಬದುಕಿದಾನೆ, ಮೇಜರ್! ಇನ್ನೂರು ಮೀಟರ್ ಕೆಳಗೆ ದಡ ಸೇರಿದನಂತೆ. ಭುಜ ಮುರಿದಿತ್ತು, ಕೂಡಿಕೊಂಡಿದೆ. ಮನೆಗೆ ಹೋಗಿದಾನೆ."

ಇಲ್ಪೊ ಮೇಜಿನ ಅಂಚು ಹಿಡಿದು ನಿಧಾನವಾಗಿ ಕುರ್ಚಿಯಲ್ಲಿ ಕುಳಿತ. ಎರಡೂ ಅಂಗೈಗಳಿಂದ ಮುಖ ಒತ್ತಿಕೊಂಡ. ಅವನ ಬೆನ್ನು ಒಮ್ಮೆ ಏರಿ ಇಳಿಯಿತು. ಐಲಾ ಸುಮ್ಮನೆ ನಿಂತಳು. ಮಾತಿನ ಮಲ್ಲಿ, ಆ ಹೊತ್ತು ಒಂದು ಮಾತನ್ನೂ ಹುಡುಕಲಿಲ್ಲ.

"ದಿನಾ ಅಂದ್ಕೊಳ್ತಿದ್ದೆ," ಎಂದ ಅವನು ಕೊನೆಗೆ. "ನಾನು ನದಿ ನೋಡಿದ್ದಿದ್ರೆ ಆ ಸಂಜೆನೇ ಕೇಳಬಹುದಿತ್ತು. ನೀವೊಬ್ಬರೇ ಅದನ್ನ ಹೊತ್ಕೊಂಡು ತಿರುಗಬೇಕಾಗಿರಲಿಲ್ಲ."

"ನಾನು ನಿಮ್ಮನ್ನ ಹೇಡಿ ಅಂದೆ."

"ಹೇಡಿ ಅಂತ ಅನ್ನಲಿಲ್ಲ. ಹೆದರಿಕೆ ಅಂದ್ರಿ."

"ಮನಸ್ಸಿನಲ್ಲಿ ಅಂದೆ. ತುಂಬಾ ಸಲ."

ಮೂಗಿನ ಪಕ್ಕದ ಗೆರೆ ಮೂಡಿತು. ಈ ಸಲ ಮಾಯವಾಗಲಿಲ್ಲ.

"ಹೆದರಿಕೆ ಇತ್ತು," ಎಂದ. "ಆತಿಥೇಯರದ್ದಲ್ಲ."

ಅವಳು ಚೀಲದಿಂದ ಆಲ್ಬಂ ತೆಗೆದು ಮೂವತ್ತೊಂದನೆಯ ಪುಟ ತೆರೆದು ಅವನ ಮುಂದಿಟ್ಟಳು. ಇಲ್ಪೊ ನೋಡಿದ. ಕಿವಿಗಳು ಕೆಂಪಾದವು. ಈಗ ಆ ಕೆಂಪು ಏನೆಂದು ಅವಳಿಗೆ ಗೊತ್ತಿತ್ತು.

ಅವನು ಹೇಳಿದ. "ಫೋಟೋಗ್ರಾಫರ್ ಕೆಲಸ ಗೊತ್ತಿರೋನು."

"ಅಷ್ಟೇನಾ?"

"ಬೆಳಕು ಚೆನ್ನಾಗಿ ಹಿಡಿದಿದಾನೆ."

"ಮೇಜರ್!"

"ಇಲ್ಪೊ," ಎಂದ ಅವನು ಮೆಲ್ಲಗೆ. "ಇಲ್ಪೊ ಅನ್ನಿ."

ಐಲಾ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು. ಒಳಗೆ ಎಲ್ಲೋ ಒಂದು ಕಡೆ ತಿಳಿಯಾಗಿತ್ತು. ಸಹಿ ಹಾಕದೆ ಇದ್ದ ಕಾರಣ ಈಗ ಅವಳಿಗೆ ಗೊತ್ತಾಗಿತ್ತು.

"ನನಗೆ ವಿಯೆನ್ನಾದಲ್ಲಿ ಕೆಲಸ ಬಂದಿದೆ, ಇಲ್ಪೊ. ಮೂರು ವರ್ಷ. ಸೋಮವಾರದೊಳಗೆ ಹೇಳ್ಬೇಕು. ನನಗೆ ಆ ಕೆಲಸ ಬೇಕು. ಆದ್ರೆ ಇಲ್ಲಿಂದ ಹೋದ್ರೆ ಏನನ್ನ ಬಿಟ್ಟು ಹೋಗ್ತೀನಿ ಅಂತ ತಿಳ್ಕೊಳ್ಳದೆ ಹೋಗೋಕಾಗ್ತಿಲ್ಲ."

ಅವನು ಆಲ್ಬಮ್ಮನ್ನು ಮುಚ್ಚಿದ. "ಸಹಿ ಹಾಕಿ."

ಅವಳ ಮುಖ ಬಾಡಿತು. "ಹೋಗು ಅಂತಿದೀರಾ?"

"ಹೂಂ. ನಿಮ್ಮಂಥ ಕಣ್ಣಿರೋರು ಅಲ್ಲಿ ಬೇಕು." ಅವನು ಬಿದ್ದ ನಕ್ಷೆಯನ್ನು ಎತ್ತಿ ಮೇಜಿನ ಮೇಲಿಟ್ಟ. "ನನ್ನ ಹತ್ರ ರಜೆ ಇದೆ. ನಲವತ್ತೆರಡು ದಿನ. ಒಟ್ಟಾಗಿಬಿಟ್ಟಿದೆ."

"ಅಷ್ಟೊಂದು ಯಾಕೆ ಉಳೀತು?"

"ಹೋಗೋಕೆ ಜಾಗ ಇರಲಿಲ್ಲ."

"ಈಗ?"

"ವಿಯೆನ್ನಾದಲ್ಲಿ ರೈ ಬ್ರೆಡ್ಡು ಸಿಗಲ್ಲ ಅಂತಾರೆ. ಯಾರಾದ್ರೂ ತಂದುಕೊಡ್ಬೇಕಾಗುತ್ತೆ."

ಐಲಾ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಮೇಜಿನ ಮೇಲೆ ಅವಳ ಕೈ ತಣ್ಣಗೆ ಬಿದ್ದಿತ್ತು. ಅವನು ಅದನ್ನು ನೋಡಿದ. ನಕ್ಷೆಯ ಮೇಲೆ ದಾರಿ ಗುರುತಿಸುವಷ್ಟು ಎಚ್ಚರದಿಂದ ತನ್ನ ಅಂಗೈಯನ್ನು ಅದರ ಮೇಲಿಟ್ಟ.

ಹೊರಗೆ ಊಟದ ಗಂಟೆ ಬಾರಿಸಿತು. ಇಬ್ಬರೂ ಏಳಲಿಲ್ಲ.

"ಸಾರು ಆರುತ್ತೆ," ಎಂದ ಇಲ್ಪೊ.

"ಆರಲಿ ಬಿಡಿ."

"ಹಸಿದಿರ್ತೀಯ. ಬಾ."

'ಬಾ' ಎಂದದ್ದು ಅವನಿಗೇ ತಡವಾಗಿ ಕೇಳಿಸಿತು. ಅವನು ತಡವರಿಸಿದ. ಅವಳು ಎದ್ದು ಅವನ ಕೈ ಬಿಡದೆ ಬಾಗಿಲ ಕಡೆ ನಡೆದಳು.

"ಬಂದೆ, ನಡಿ," ಎಂದಳು.

ಸಾರ್ಜೆಂಟ್ ತೌನೊ ಮಾತಿಗೆ ತಪ್ಪದೆ ತನ್ನ ಪಾಲಿನ ಪ್ಯಾನ್‌ಕೇಕನ್ನು ಅವಳ ತಟ್ಟೆಗೆ ಹಾಕಿದ.

ಐಲಾ ಜನವರಿಯಲ್ಲಿ ವಿಯೆನ್ನಾಕ್ಕೆ ಹೋದಳು. ಆ ನಲವತ್ತೆರಡು ದಿನಗಳೂ ಅಲ್ಲಿಯೇ ಮುಗಿದವು. ಮರುವರ್ಷದ ಬೇಸಿಗೆಯಲ್ಲಿ, ಸೂರ್ಯ ಮುಳುಗದ ವಾರದಲ್ಲಿ, ಉತ್ತರದ ಒಂದು ಚಿಕ್ಕ ಮರದ ಚರ್ಚಿನಲ್ಲಿ ಅವರ ಮದುವೆಯಾಯಿತು. ಇಲ್ಪೊ ಆಮೇಲೆ ಅವಳಿಗೆ ಎಷ್ಟೋ ಮಾತು ಹೇಳಿದ. ತನಗೆ ಅವಳಿಲ್ಲದೆ ಆಗದು ಎಂದೂ ಒಮ್ಮೆ ಹೇಳಿದ, ಕಾಫಿ ಸೋಸುತ್ತಾ, ಬೆನ್ನು ತಿರುಗಿಸಿ ನಿಂತು.

ಆದರೆ ಆ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ತಾನು ನೋಡುತ್ತಿದ್ದುದು ಅವಳನ್ನು ಎಂದು ಅವನು ಯಾವತ್ತೂ ಹೇಳಲಿಲ್ಲ.